ಬಿಸಿ ತಾಗಿದರೆ ಬಿಗಿಯುವ ಹಾಳೆ

ಮದುವೆ ಮನೆಗೆ ನೀರಿನ ಬಾಟಲಿ ತರಿಸಿದವರಿಗೆಲ್ಲ ಈ ನೋಟ ಗೊತ್ತು. ಒಂದು ಲೀಟರಿನ 12 ಬಾಟಲಿಗಳ ಕಟ್ಟನ್ನು ಹುಡುಗರು ಮೇಲಿನ ಹಾಳೆಯನ್ನೇ ಹಿಡಿದು ಟೆಂಪೋದಿಂದ ಇಳಿಸುತ್ತಾರೆ. 12 ಕಿಲೋ ಭಾರಕ್ಕೂ ಹಾಳೆ ಹರಿಯುವುದಿಲ್ಲ. ಪಂಕ್ತಿ ಕೂತಾಗ ಬೆರಳು ತೂರಿಸಿ ಸೀಳುತ್ತಾರೆ, ಬಾಟಲಿ ಹಂಚುತ್ತಾರೆ, ಹಾಳೆಯನ್ನು ಮುದ್ದೆ ಮಾಡಿ ಮೂಲೆಗೆಸೆಯುತ್ತಾರೆ. ಸಂಜೆಗೆ ಆ ಮುದ್ದೆ ಎಂಜಲೆಲೆಗಳ ಜೊತೆ ತಿಪ್ಪೆ ಸೇರುತ್ತದೆ. ಶ್ರಿಂಕ್ ಫಿಲ್ಮ್ ಎಂಬ ಈ ಹಾಳೆಯ ಗುಣ, ದೋಷ ಎರಡೂ ಒಂದೇ ದಿನದಲ್ಲಿ ಕಣ್ಣಿಗೆ ಬೀಳುತ್ತವೆ.

ಇದರ ಹುಟ್ಟು ಸ್ವಾರಸ್ಯದ್ದು. ಪಾಲಿಥಿನ್ ಕಾಳುಗಳನ್ನು ಕರಗಿಸಿ, ಉಂಗುರದಂಥ ಸಂದಿಯಿಂದ ಕೊಳವೆಯಾಗಿ ಹೊರತಳ್ಳಿ, ಒಳಗೆ ಗಾಳಿ ತುಂಬಿ ಬಲೂನಿನಂತೆ ಉಬ್ಬಿಸುತ್ತಾರೆ. ಹಿಗ್ಗಿದ ಸ್ಥಿತಿಯಲ್ಲೇ ತಣಿಸಿದಾಗ ಪಾಲಿಮರಿನ ಉದ್ದನೆಯ ಸರಪಳಿಗಳು ಎಳೆದ ಭಂಗಿಯಲ್ಲೇ ಗಟ್ಟಿಯಾಗುತ್ತವೆ. ಮುಂದೆ ಬಾಟಲಿಗಳ ಸುತ್ತ ಹಾಳೆ ಸುತ್ತಿ ಬಿಸಿಗಾಳಿಯ ಸುರಂಗದಲ್ಲಿ ಹಾಯಿಸಿದರೆ ಸರಪಳಿಗಳು ಸಡಿಲಗೊಂಡು ಮತ್ತೆ ಮುದುಡಿಕೊಳ್ಳುತ್ತವೆ, ಹಾಳೆ ಬಿಗಿಯುತ್ತದೆ.

ಪರವಾದ ಮಾತು ಹಗುರವಾದದ್ದಲ್ಲ. ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಭಾಗ, ಅಂದರೆ 50 ಮೈಕ್ರಾನ್ ಆಸುಪಾಸಿನ ಹಾಳೆ ರಟ್ಟಿನ ಪೆಟ್ಟಿಗೆಯ ಕೆಲಸ ಮಾಡುತ್ತದೆ. ಪೆಟ್ಟಿಗೆಗಿಂತ ತೂಕ ಬಹಳ ಕಡಿಮೆ, ಮಳೆಗೆ ನೆನೆಯುವುದಿಲ್ಲ, ಯಾರಾದರೂ ಬಿಚ್ಚಿದ್ದರೆ ತಕ್ಷಣ ತಿಳಿಯುತ್ತದೆ. ಸೌತೆಕಾಯಿಗೆ ಸುತ್ತಿದರೆ ನೀರಿನಂಶ ಆರದೆ ಹೆಚ್ಚು ದಿನ ತಾಜಾ ಇರುತ್ತದೆ. ಕಾಯಿ ಕೊಳೆತರೆ ರೈತನ ನೀರು, ದುಡಿಮೆ, ಸಾಗಣೆಯ ಡೀಸೆಲ್ ಎಲ್ಲವೂ ಮಣ್ಣುಪಾಲು.

ವಿರುದ್ಧದ ಮಾತೂ ಅಷ್ಟೇ ಗಟ್ಟಿ. ಹಗುರತನವೇ ಇದಕ್ಕೆ ಶಾಪವೂ ಹೌದು. ಚಿಂದಿ ಆಯುವವರಿಗೆ ತೂಕದ ಮೇಲೆ ದುಡ್ಡು; ಚೀಲ ತುಂಬ ಹಾಳೆ ಆಯ್ದರೂ ತಕ್ಕಡಿ ಅಲುಗುವುದು ಕಷ್ಟ. ಶುದ್ಧ ಪಾಲಿಥಿನ್ ಕರಗಿಸಿ ಮರುಬಳಸಬಹುದು ನಿಜ, ಆದರೆ ಸಾರು, ಮಣ್ಣು ಮೆತ್ತಿದ್ದನ್ನು ಯಾರೂ ಕೊಳ್ಳುವುದಿಲ್ಲ. ಬಾಟಲಿಯ ಮೈಗೆ ಬಿಗಿಸುವ ಪಿವಿಸಿ ಪ್ಲಾಸ್ಟಿಕ್ಕಿನ ಲೇಬಲ್ ತೋಳುಗಳದ್ದು ಇನ್ನೊಂದು ತಕರಾರು. ಪಿವಿಸಿ, ಬಾಟಲಿಯ ಪೆಟ್ ಪ್ಲಾಸ್ಟಿಕ್ ಎರಡರ ಸಾಂದ್ರತೆಯೂ ಹತ್ತಿರ ಹತ್ತಿರ. ತೊಟ್ಟಿಯ ನೀರಿನಲ್ಲಿ ಎರಡೂ ಮುಳುಗುವುದರಿಂದ ಬೇರ್ಪಡಿಸುವುದು ಕಷ್ಟ. ಉಳಿದ ಚೂರು ಪಿವಿಸಿ ಇಡೀ ಪೆಟ್ ರಾಶಿಯನ್ನು ಕೆಡಿಸುತ್ತದೆ.

ಕಾನೂನು ಈ ಪರ, ವಿರುದ್ಧ ವಾದಗಳ ನಡುವೆ ಗೆರೆ ಹುಡುಕುತ್ತಿದೆ. ಭಾರತ 2022ರ ಜುಲೈ 1ರಿಂದ ಸಿಹಿತಿಂಡಿ ಡಬ್ಬ, ಆಮಂತ್ರಣ ಪತ್ರಿಕೆ, ಸಿಗರೇಟು ಪ್ಯಾಕುಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟದ ಹೊಸ ನಿಯಮ, ಗಿರಾಕಿ ಹೆಚ್ಚು ಕೊಳ್ಳಲೆಂದು ಅಂಗಡಿಯಲ್ಲಿ ಬಾಟಲಿ, ಡಬ್ಬಿಗಳನ್ನು ಜೋಡಿಸುವ ಹೊದಿಕೆಯನ್ನು 2030ರಿಂದ ತಡೆಯುತ್ತದೆ. ಸರಕು ಸಾಗಣೆಗೆ ಬೇಕಾದದ್ದನ್ನು ಬಿಡುತ್ತದೆ.

ನನಗೂ ಈ ಗೆರೆಯೇ ಸರಿ ಎನಿಸುತ್ತದೆ. ಸರಕನ್ನು ಕಾಯುವ ಹಾಳೆ ಇರಲಿ, ಅಂದಕ್ಕೆ, ಆಮಿಷಕ್ಕೆ ಸುತ್ತಿದ್ದು ಹೋಗಲಿ. ಉಳಿದ ಹಾಳೆ ಕೊಳೆಯಾಗುವ ಮೊದಲೇ ಮರುಬಳಕೆಗೆ ವಾಪಸಾಗಬೇಕು. ಮುಂದಿನ ಮದುವೆಯಲ್ಲಿ ಬಾಟಲಿ ಬಿಚ್ಚುವ ಜಾಗದಲ್ಲಿ ಒಂದು ಖಾಲಿ ಗೋಣಿಚೀಲ ಇಡಿ. ಹಾಳೆಗಳು ಊಟದೆಲೆಗಳ ಹತ್ತಿರ ಸುಳಿಯದಿರಲಿ.