ಮಗುವಿನ ಶನಿವಾರ ಮತ್ತು ಮಲೆನಾಡಿನ ಮಳೆ

ಗಂಡ ಹೆಂಡತಿ ಬೇರೆಯಾದರೆ ಮಗು ಯಾರ ಬಳಿ ಇರಬೇಕು? ಹಿಂದೂ ಕುಟುಂಬಗಳಿಗೆ ಅನ್ವಯಿಸುವ 1956ರ ಕಾಯ್ದೆಯಂತೆ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಎಲ್ಲಕ್ಕಿಂತ ದೊಡ್ಡದು ಮಗುವಿನ ಹಿತ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಪಾಲನೆಯನ್ನು ಹಂಚಿಯೇ ಕೊಟ್ಟಿತು: ಜನವರಿಯಿಂದ ಜೂನ್‌ವರೆಗೆ ತಂದೆ, ಜುಲೈನಿಂದ ಡಿಸೆಂಬರ್‌ವರೆಗೆ ತಾಯಿ; ಶನಿವಾರ, ಭಾನುವಾರ ಇನ್ನೊಬ್ಬರ ಭೇಟಿ; ಓದಿನ ಖರ್ಚು ಸಮಪಾಲು. 2015ರಲ್ಲಿ ಕಾನೂನು ಆಯೋಗದ 257ನೇ ವರದಿ ಈ ತೀರ್ಪನ್ನು ಉಲ್ಲೇಖಿಸಿ, ಜಂಟಿ ಪಾಲನೆಗೆ ಕಾನೂನಿನಲ್ಲೇ ಅವಕಾಶ ಬೇಕೆಂದಿತು.

ಈ ದಾರಿಯನ್ನು ನಾವು ಒಪ್ಪುತ್ತೇವೆ. ಆದರೆ ಮಲೆನಾಡಿನ ಸಕಲೇಶಪುರ, ಆಲೂರಿನಲ್ಲಿ ಪಾಲನೆಯ ಆದೇಶ ಬರೆಯುವಾಗ ಈ ನೆಲವನ್ನೂ ನೋಡಬೇಕು. ಆಷಾಢದ ಮಳೆಗೆ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಮಂಗಳೂರಿನಲ್ಲಿ ದುಡಿಯುವ ಅಪ್ಪ ಶನಿವಾರ ಬರಲಾರ. ವಿಡಿಯೊ ಕರೆಗೆ ತೋಟದ ಕೂಲಿಕಾರರ ಲೈನ್ ಮನೆಯಲ್ಲಿ ನೆಟ್‌ವರ್ಕ್ ಸಿಗದು. ಕಾಫಿ ಕೊಯ್ಲಿನ ದಿನಗಳಲ್ಲಿ ಕೂಲಿ ಬಿಟ್ಟು ಹಾಸನದ ಕೋರ್ಟಿಗೆ ಅಲೆಯುವುದು ತಾಯಿಗೆ ಕಷ್ಟ. ತಪ್ಪಿದ ಭೇಟಿಗೆ ಬದಲಿ ದಿನ ಯಾವುದು, ಮಗುವನ್ನು ಕರೆತರುವವರು ಯಾರು, ಬಸ್ ಖರ್ಚು ಯಾರದು ಎಂಬುದು ಆದೇಶದಲ್ಲೇ ಇರಲಿ. ಆರು ತಿಂಗಳಿಗೊಮ್ಮೆ ಶಾಲೆ ಬದಲಾಗುವಂತಿದ್ದರೆ ಆ ಹಂಚಿಕೆಯೇ ಬೇಡ.

ಇಂಥ ಆದೇಶ ಕೇಳಲು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೂ ಮಕ್ಕಳಿಗೂ ಉಚಿತ ವಕೀಲರ ನೆರವಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗಳು ಇದನ್ನು ಲೈನ್ ಮನೆಗಳಿಗೇ ಹೋಗಿ, ಮಳೆ ಹಿಡಿಯುವ ಮೊದಲೇ ತಿಳಿಸಬೇಕು.