ಮರಳುವ ದಾರಿಗೂ ಒಂದು ರಾತ್ರಿಯ ತಂಗುದಾಣವಿರಲಿ

ಬೇಸಿಗೆಯ ರಜೆ ಕೊನೆಯ ವಾರಕ್ಕೆ ಬಂದು ನಿಂತಿದೆ. ಕರಾವಳಿಯಿಂದಲೂ ಮಲೆನಾಡಿನಿಂದಲೂ ಮೈಸೂರು, ಬೆಂಗಳೂರುಗಳಿಂದಲೂ ವಾಹನ ಹೂಡಿಕೊಂಡು ಹೊರಟ ನಮ್ಮ ಕಥೋಲಿಕ ಕುಟುಂಬಗಳು ಈಗ ಒಂದೊಂದಾಗಿ ಮರಳುತ್ತಿವೆ. ವೇಳಾಂಕಣಿಯ ಎಣ್ಣೆಯ ಸೀಸೆ, ಕನ್ಯಾಕುಮಾರಿಯ ಚಿಪ್ಪಿನ ಸರ, ಅಜ್ಜಿಗೊಂದು ಹೊಸ ಜಪಸರ, ನೆರೆಮನೆಯವರಿಗೆ ಸಿಹಿಯ ಪೊಟ್ಟಣ ಇವೆಲ್ಲ ಹಿಂದಿನ ಆಸನದ ಕೆಳಗೆ ಸೇರಿಕೊಂಡಿವೆ. ಇಂತಹ ಪ್ರವಾಸಗಳು ಕುಟುಂಬವನ್ನು ಒಗ್ಗೂಡಿಸುತ್ತವೆ ಎಂಬುದರಲ್ಲಿ ಎರಡು ಮಾತಿಲ್ಲ. ವರ್ಷವಿಡೀ ಒಂದೇ ಮನೆಯಲ್ಲಿದ್ದರೂ ಒಬ್ಬರ ಮುಖವನ್ನೊಬ್ಬರು ನೆಟ್ಟಗೆ ನೋಡದ ತಂದೆ ಮಕ್ಕಳು ಹತ್ತು ದಿನ ಒಂದೇ ವಾಹನದಲ್ಲಿ ಕುಳಿತು ಮಾತನಾಡುವುದೇ ದೊಡ್ಡ ಭಾಗ್ಯ. ಆದರೆ ಈ ಪ್ರವಾಸಗಳ ಕೊನೆಯ ಎರಡು ದಿನಗಳ ಬಗ್ಗೆ ನಮಗೆ ಚಿಂತೆಯಿದೆ. ಅದನ್ನು ಓದುಗರ ಮುಂದಿಡಲು ಇದೇ ಸಕಾಲವೆಂದು ಭಾವಿಸುತ್ತೇವೆ.

ಹೊರಡುವಾಗ ಎಷ್ಟೊಂದು ಸಿದ್ಧತೆ! ಗುರುಗಳನ್ನು ಕರೆಸಿ ವಾಹನಕ್ಕೆ ತೀರ್ಥ ಪ್ರೋಕ್ಷಣೆ ಮಾಡಿಸುತ್ತೇವೆ. ಗಾಜಿನ ಎದುರು ಸಂತ ಕ್ರಿಸ್ಟೋಫರರ ಚಿತ್ರ ಅಂಟಿಸುತ್ತೇವೆ. ಚಕ್ರದ ಗಾಳಿ, ಎಂಜಿನ್ನಿನ ಎಣ್ಣೆ, ತಡೆಯಂತ್ರ ಎಲ್ಲವನ್ನೂ ಪರೀಕ್ಷಿಸುತ್ತೇವೆ. ಎಲ್ಲಿ ಊಟ, ಎಲ್ಲಿ ವಸತಿ, ಯಾವ ದೇವಾಲಯದಲ್ಲಿ ಬಲಿಪೂಜೆ ಎಂಬುದನ್ನು ತಿಂಗಳ ಮುಂಚೆಯೇ ಪಟ್ಟಿ ಮಾಡಿರುತ್ತೇವೆ. ಆ ಪಟ್ಟಿಯ ಕೊನೆಯ ಸಾಲನ್ನು ಮಾತ್ರ ಯಾರೂ ಬಿಡಿಸಿ ಬರೆಯುವುದಿಲ್ಲ. ‘ಅಲ್ಲಿಂದ ನೇರ ಮನೆಗೆ’ ಎಂದಷ್ಟೇ ಇರುತ್ತದೆ. ಆ ‘ನೇರ’ ಎಂಬ ಪದದೊಳಗೆ ಎಷ್ಟು ಊರು, ಎಷ್ಟು ಘಾಟಿ, ಎಷ್ಟು ಗಂಟೆಗಳ ನಿದ್ರೆ ಅಡಗಿದೆ ಎಂದು ಲೆಕ್ಕ ಹಾಕುವವರು ಕಡಿಮೆ.

ನಮ್ಮವರಿಗೆ ಚಿರಪರಿಚಿತವಾದ ಒಂದು ದಾರಿಯನ್ನೇ ನೋಡೋಣ. 1962ರಲ್ಲಿ ಜಗದ್ಗುರು ಇಪ್ಪತ್ತಮೂರನೆಯ ಯೊವಾನ್ನರು ಬೆಸಿಲಿಕಾ ಪದವಿಗೆ ಏರಿಸಿದ ವೇಳಾಂಕಣಿಯ ಆರೋಗ್ಯ ಮಾತೆಯ ದೇವಾಲಯದಿಂದ ಮಂಗಳೂರಿಗೆ 700 ಕಿಲೋಮೀಟರಿಗೂ ಮಿಕ್ಕಿದ ಹಾದಿ. ನಾಗಪಟ್ಟಣ, ತಂಜಾವೂರು, ತಿರುಚಿರಾಪಳ್ಳಿ, ಕರೂರು, ಈರೋಡುಗಳನ್ನು ದಾಟಿ ಸತ್ಯಮಂಗಲ ತಲಪುವವರೆಗೆ ಬಯಲುಸೀಮೆಯ ಕಾದ ರಸ್ತೆ. ಆಮೇಲೆ 27 ಕಡಿದಾದ ತಿರುವುಗಳ ದಿಂಬಂ ಘಾಟಿ. ಅದನ್ನೇರಿ ಚಾಮರಾಜನಗರ, ಮೈಸೂರು, ಮಡಿಕೇರಿ, ಮತ್ತೆ ಸಂಪಾಜೆಯ ಇಳಿಜಾರು. ಹೋಗುವಾಗ ಇದನ್ನು ಎರಡು ದಿನದಲ್ಲಿ, ನಡುವೆ ತಂಗಿ, ಹಾಡುತ್ತ ಕ್ರಮಿಸಿದವರೇ ಬರುವಾಗ ಒಂದೇ ಉಸಿರಿಗೆ ದಾಟಲು ಹೊರಡುತ್ತಾರೆ. ಅದೂ ಬೆಳಿಗ್ಗೆ ಬಲಿಪೂಜೆ ಮುಗಿಸಿ, ಮಧ್ಯಾಹ್ನದವರೆಗೆ ಅಂಗಡಿಗಳನ್ನು ಸುತ್ತಿ, ಸಂಜೆ ನಾಲ್ಕಕ್ಕೆ ವಾಹನ ಹತ್ತಿ! ರಾತ್ರಿಯಿಡೀ ಹೊಡೆದರೆ ಬೆಳಿಗ್ಗೆ ಮನೆ ಎಂಬ ಲೆಕ್ಕ.

ಈ ಲೆಕ್ಕ ತಪ್ಪುವುದು ದಾರಿಯ ಉದ್ದದಿಂದಲ್ಲ, ಮನುಷ್ಯನ ದೇಹದಿಂದ. ಬೆಳಿಗ್ಗೆ ಆರಕ್ಕೆ ಎದ್ದವನು ರಾತ್ರಿ ಹನ್ನೊಂದಕ್ಕೆ ಹದಿನೇಳು ಗಂಟೆ ಎಚ್ಚರವಿದ್ದಂತಾಯಿತು. ಅಷ್ಟು ಹೊತ್ತು ಎಚ್ಚರವಿದ್ದವನ ಗಮನ ಮತ್ತು ಕೈಚಳಕ ರಕ್ತದ 100 ಮಿಲಿಲೀಟರಿನಲ್ಲಿ 50 ಮಿಲಿಗ್ರಾಂ ಮದ್ಯಸಾರ ಸೇರಿದವನ ಸ್ಥಿತಿಗೆ ಇಳಿಯುತ್ತದೆಂದು ನಿದ್ರೆಯನ್ನು ಅಭ್ಯಸಿಸಿದ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ನಮ್ಮ ದೇಶದ ಕಾನೂನು ಚಾಲಕನಿಗೆ ಇಟ್ಟಿರುವ ಮಿತಿ 30 ಮಿಲಿಗ್ರಾಂ. ಎಂದರೆ ಒಂದು ಹನಿಯನ್ನೂ ಮುಟ್ಟದ ಸದ್ಗೃಹಸ್ಥನು ಕೇವಲ ನಿದ್ದೆಗೆಟ್ಟ ಕಾರಣಕ್ಕೆ ಕಾನೂನಿನ ಗೆರೆಯನ್ನು ದಾಟಿದವನಿಗೆ ಸಮನಾಗುತ್ತಾನೆ. ಕುಡಿದವನ ಕೈಗೆ ನಮ್ಮ ಮಕ್ಕಳಿರುವ ವಾಹನವನ್ನು ನಾವು ಎಂದಾದರೂ ಒಪ್ಪಿಸುತ್ತೇವೆಯೇ?

ನಿದ್ರೆ ಬಂದರೆ ನಿಲ್ಲಿಸುತ್ತೇನೆ ಎನ್ನುವ ಧೈರ್ಯಶಾಲಿಗಳೂ ಇದ್ದಾರೆ. ನಿದ್ರೆಯು ಹೇಳಿ ಬರುವುದಿಲ್ಲ. ಕಣ್ಣು ತೆರೆದಂತೆಯೇ ಇದ್ದು ಮೂರು ನಾಲ್ಕು ಸೆಕೆಂಡು ಮನಸ್ಸು ಮುಚ್ಚಿಹೋಗುವುದುಂಟು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುವ ವಾಹನವು ಆ ನಾಲ್ಕು ಸೆಕೆಂಡಿನಲ್ಲಿ ಸುಮಾರು 90 ಮೀಟರ್ ದೂರವನ್ನು ಚಾಲಕನಿಲ್ಲದೆಯೇ ಕ್ರಮಿಸಿರುತ್ತದೆ. ನಡುರಾತ್ರಿ ಎರಡರಿಂದ ಬೆಳಿಗ್ಗೆ ಆರರವರೆಗೆ ದೇಹ ತಾನಾಗಿಯೇ ಕುಸಿಯುವ ಹೊತ್ತು. ಚಹಾ ಕುಡಿದರೂ, ಮುಖಕ್ಕೆ ನೀರೆರಚಿಕೊಂಡರೂ, ಹಾಡು ಜೋರು ಮಾಡಿದರೂ ಅದರ ಪರಿಣಾಮ ಸ್ವಲ್ಪ ಹೊತ್ತಿಗಷ್ಟೇ. ಅಂಥ ಹೊತ್ತಿನಲ್ಲಿ ವಾಹನದೊಳಗೆ ಉಳಿದ ಆರೇಳು ಮಂದಿ ಗಾಢನಿದ್ರೆಯಲ್ಲಿದ್ದು, ಒಬ್ಬನು ಮಾತ್ರ ಎಚ್ಚರವಿರಬೇಕೆಂದು ನಿರೀಕ್ಷಿಸುತ್ತೇವೆ.

ಕೇಂದ್ರ ಸಾರಿಗೆ ಇಲಾಖೆಯ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 4,61,312 ಅಪಘಾತಗಳು ನಡೆದು 1,68,491 ಮಂದಿ ಪ್ರಾಣ ಕಳೆದುಕೊಂಡರು. ದಿನದ ಅವಧಿಗಳ ಪೈಕಿ ಅತಿ ಹೆಚ್ಚು ಅಪಘಾತಗಳಾದದ್ದು ಸಂಜೆ ಆರರಿಂದ ಒಂಬತ್ತರ ನಡುವೆ. ಅದೇ ವರ್ಷ ಸೆಪ್ಟೆಂಬರ್ 4ರ ಭಾನುವಾರ, ಪಾರ್ಸಿಗಳ ಪುಣ್ಯಕ್ಷೇತ್ರವಾದ ಉದ್ವಾಡದಿಂದ ಮುಂಬೈಗೆ ಮರಳುತ್ತಿದ್ದ ಉದ್ಯಮಿ ಸೈರಸ್ ಮಿಸ್ತ್ರಿಯವರು ಪಾಲ್ಘರ್ ಬಳಿ ಅಸುನೀಗಿದ್ದನ್ನು ಓದುಗರು ಮರೆತಿರಲಾರರು. ಅದು ಹಾಡಹಗಲು, ಬೆಲೆಬಾಳುವ ವಾಹನ. ಹಿಂದಿನ ಆಸನದಲ್ಲಿದ್ದ ಇಬ್ಬರೂ ಪಟ್ಟಿ ಬಿಗಿದುಕೊಂಡಿರಲಿಲ್ಲವೆಂದು ಪೊಲೀಸರು ಆಗ ತಿಳಿಸಿದ್ದರು. ಆ ಇಬ್ಬರೂ ಉಳಿಯಲಿಲ್ಲ. ನಮ್ಮ ಪ್ರವಾಸಗಳಲ್ಲಿ ಹಿಂದಿನ ಆಸನದ ಪಟ್ಟಿಗಳು ಸಾಮಾನ್ಯವಾಗಿ ಸಾಮಾನುಗಳ ಅಡಿಯಲ್ಲಿ ಹೂತುಹೋಗಿರುತ್ತವೆ. ಮಗು ತಾಯಿಯ ತೊಡೆಯ ಮೇಲೆಯೇ ಕ್ಷೇಮವೆಂಬ ನಂಬಿಕೆ ಇನ್ನೂ ಬಲವಾಗಿದೆ. ಢಿಕ್ಕಿಯ ಕ್ಷಣದಲ್ಲಿ ಮಗುವನ್ನು ಹಿಡಿದಿಡುವಷ್ಟು ಬಲ ಯಾವ ತಾಯಿಯ ತೋಳಿಗೂ ಇಲ್ಲ.

ಶುಭಸಂದೇಶದಲ್ಲಿ ಬರುವ ಎರಡು ಪ್ರಸಂಗಗಳು ಇಲ್ಲಿ ನೆನಪಾಗುತ್ತವೆ. ಪಾಸ್ಖ ಹಬ್ಬಕ್ಕೆಂದು ಜೆರುಸಲೇಮಿಗೆ ಯಾತ್ರೆ ಹೋದ ತಿರುಕುಟುಂಬವು ಹನ್ನೆರಡು ವರ್ಷದ ಬಾಲಯೇಸುವನ್ನು ಕಳೆದುಕೊಂಡದ್ದು ಹೋಗುವಾಗಲ್ಲ, ಬರುವಾಗ. ಮಗನು ಜೊತೆಯ ಗುಂಪಿನಲ್ಲಿ ಇರಬಹುದೆಂದುಕೊಂಡು ಒಂದು ದಿನದ ದಾರಿ ನಡೆದುಬಿಟ್ಟರೆಂದು ಸಂತ ಲೂಕನು ಬರೆಯುತ್ತಾನೆ. ಮರಿಯ ಜೋಸೆಫರಂತಹ ತಂದೆತಾಯಿಗಳಿಗೇ ಮರಳುವ ದಾರಿಯಲ್ಲಿ ಹೀಗಾಯಿತೆಂದ ಮೇಲೆ ನಮ್ಮ ನಿಮ್ಮ ಪಾಡೇನು? ಹಬ್ಬ ಮುಗಿದಿದೆ, ಹರಕೆ ಸಂದಿದೆ, ಮನಸ್ಸು ಆಗಲೇ ಮನೆ ಸೇರಿದೆ. ದೇಹ ಮಾತ್ರ ಇನ್ನೂ ದಾರಿಯಲ್ಲಿದೆ. ಜಾಗರೂಕತೆ ಸಡಿಲುವುದು ಆಗಲೇ.

ಎರಡನೆಯದು ಎಮ್ಮಾವಿನ ದಾರಿ. ಅಪರಿಚಿತನಾಗಿ ಜೊತೆಗೂಡಿದ ಪ್ರಭುವು ಮುಂದೆ ಹೋಗುವವನಂತೆ ಕಂಡಾಗ ಆ ಇಬ್ಬರು ಶಿಷ್ಯರು, ಹೊತ್ತು ಇಳಿಯಿತು, ಇಲ್ಲೇ ಉಳಿದುಕೊಳ್ಳಬೇಕೆಂದು ಒತ್ತಾಯಿಸುತ್ತಾರೆ. ಸಂಜೆಯಾದ ಮೇಲೆ ದಾರಿಹೋಕನನ್ನು ತಡೆದು ನಿಲ್ಲಿಸಿಕೊಂಡ ಆ ಮನೆಯಲ್ಲೇ ಅವರ ಕಣ್ಣು ತೆರೆದದ್ದು. ಅದೇ ರಾತ್ರಿ ಅವರು ಎದ್ದು ಜೆರುಸಲೇಮಿಗೆ ಹಿಂದಿರುಗಲಿಲ್ಲವೇ ಎಂದು ಬಲ್ಲ ಓದುಗರು ಕೇಳಬಹುದು. ಹಿಂದಿರುಗಿದ್ದು ನಿಜ, ಆದರೆ ಅವರು ಕಾಲ್ನಡಿಗೆಯಲ್ಲಿದ್ದರು.

ರಾತ್ರಿಯ ಪ್ರಯಾಣಕ್ಕೆ ಕಾಡಿನ ಕಾನೂನು ಕೂಡ ಬೇಲಿ ಹಾಕಿದೆ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಷೇಧವಿದೆ. ದಿಂಬಂ ದಾರಿಗೂ 2022ರಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಿಂದ ರಾತ್ರಿಯ ನಿರ್ಬಂಧ ಬಂದಿದೆ. ಇದು ವನ್ಯಜೀವಿಗಳ ರಕ್ಷಣೆಗಾಗಿ ಆದದ್ದು. ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಗೇಟು ಬೀಳುವ ಮುನ್ನ ದಾಟಿಬಿಡಬೇಕೆಂದು ಸಂಜೆಯ ಮಬ್ಬಿನಲ್ಲಿ, ಅದೇ ತಿರುವುಗಳಲ್ಲಿ ಪೈಪೋಟಿಯಿಂದ ಓಡಿಸುವ ವಾಹನಗಳನ್ನು ಕಂಡಾಗ ಎದೆ ನಡುಗುತ್ತದೆ. ಗೇಟು ಬಿದ್ದರೆ ಬೀಳಲಿ. ಸತ್ಯಮಂಗಲದಲ್ಲೋ ಈರೋಡಿನಲ್ಲೋ ಒಂದು ರಾತ್ರಿ ಕಳೆದು, ಮುಂಜಾನೆಯ ತಂಪಿನಲ್ಲಿ ಘಾಟಿ ಏರಿದರೆ ಮಕ್ಕಳಿಗೆ ಜಿಂಕೆಗಳಾದರೂ ಕಂಡಾವು.

ಮಳೆಯ ಮಾತನ್ನೂ ಹೇಳಬೇಕು. ಮುಂಗಾರು ಕೇರಳಕ್ಕೆ ಬರುವುದು ವಾಡಿಕೆಯಂತೆ ಜೂನ್ 1ರಂದು. 2025ರಲ್ಲಿ ಅದು ಮೇ 24ರಂದೇ ಬಂತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ರಜೆ ಮುಗಿಸಿ ಮರಳುವವರ ಪಾಲಿಗೆ ಮೊದಲ ಮಳೆಯೇ ಅತ್ಯಂತ ಅಪಾಯದ್ದು. ತಿಂಗಳುಗಟ್ಟಲೆ ರಸ್ತೆಯಲ್ಲಿ ಕೂತ ಎಣ್ಣೆ, ಧೂಳು ಮೊದಲ ಹನಿಗೆ ಕಲಸಿ ಜಾರುಬಂಡೆಯಾಗುತ್ತದೆ. ಹೊರಡುವಾಗ ಬಿರುಬಿಸಿಲು ಇದ್ದುದರಿಂದ ಗಾಜು ಒರೆಸುವ ಕಡ್ಡಿಯ ರಬ್ಬರನ್ನು ನೋಡಿದವರೇ ಇರುವುದಿಲ್ಲ.

ಬಾಡಿಗೆ ವಾಹನದಲ್ಲಿ ಹೋಗುವವರಿಗೆ ಇನ್ನೊಂದು ಮಾತಿದೆ. ಇದನ್ನು ತುಸು ನಿಷ್ಠುರವಾಗಿಯೇ ಹೇಳುತ್ತೇವೆ. ಹತ್ತು ದಿನ ನಮ್ಮ ಇಡೀ ಕುಟುಂಬದ ಪ್ರಾಣವನ್ನು ಕೈಯಲ್ಲಿ ಹಿಡಿದ ಚಾಲಕನು ರಾತ್ರಿ ಎಲ್ಲಿ ಮಲಗಿದನೆಂದು ನಾವು ಕೇಳಿದ್ದೇವೆಯೇ? ನಮಗೆ ಪಂಖದ ಕೋಣೆ, ಅವನಿಗೆ ವಾಹನದ ಆಸನ, ಸೊಳ್ಳೆಗಳ ಸಂಗ. ನಾವು ಊಟಕ್ಕೆ ಕುಳಿತಾಗ ಅವನು ದೂರದ ಮೇಜಿನಲ್ಲಿ ಒಬ್ಬನೇ. ಕೊನೆಯ ದಿನ ಅವನಿಗೂ ಮನೆ ನೆನಪಾಗುತ್ತದೆ, ಮರುದಿನ ಇನ್ನೊಂದು ಬಾಡಿಗೆ ಕಾದಿರುತ್ತದೆ. ಆದ್ದರಿಂದ ರಾತ್ರಿಯೇ ಹೋಗೋಣವೆಂದು ಅವನೇ ಹೇಳುವುದುಂಟು. ಹಾಗೆ ಹೇಳಿದನೆಂದು ನಾವು ಒಪ್ಪಬೇಕಾಗಿಲ್ಲ. 1961ರಷ್ಟು ಹಿಂದೆಯೇ ನಮ್ಮ ಸಂಸತ್ತು ಮೋಟಾರು ಸಾರಿಗೆ ಕೆಲಸಗಾರರಿಗಾಗಿ ರೂಪಿಸಿದ ಕಾಯ್ದೆಯು ದಿನಕ್ಕೆ ಎಂಟು ಗಂಟೆಯ ದುಡಿಮೆ, ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆಯ ವಿಶ್ರಾಂತಿ ಎಂದು ಗೊತ್ತುಪಡಿಸಿತ್ತು. ಕಾಯ್ದೆಯ ಕಣ್ಣಿಗೆ ಬೀಳದ ಸಣ್ಣ ಬಾಡಿಗೆಗಳಲ್ಲಿಯೂ ಈ ಅಳತೆಯನ್ನು ಪಾಲಿಸಲು ನಮ್ಮನ್ನು ತಡೆಯುವವರು ಯಾರು? ಕೋಣೆ ಗೊತ್ತುಮಾಡುವಾಗ ಚಾಲಕನಿಗೂ ಒಂದು ಹಾಸಿಗೆ ಸೇರಿಸಿದರೆ ಪ್ರವಾಸದ ಒಟ್ಟು ಖರ್ಚಿನಲ್ಲಿ ಅದು ಲೆಕ್ಕಕ್ಕೇ ಬಾರದು.

ಧರ್ಮಸಭೆಯು ಈ ವಿಷಯದಲ್ಲಿ ಮೌನವಾಗಿಲ್ಲ. ಅಮಲಿನಿಂದಾಗಲಿ ವೇಗದ ಮೋಹದಿಂದಾಗಲಿ ತನ್ನ ಅಥವಾ ಪರರ ಜೀವಕ್ಕೆ ರಸ್ತೆಯಲ್ಲಿ ಅಪಾಯ ತರುವುದು ಗುರುತರ ದೋಷವೆಂದು ಧರ್ಮೋಪದೇಶ ಗ್ರಂಥದ 2290ನೆಯ ಪರಿಚ್ಛೇದ ಸ್ಪಷ್ಟಪಡಿಸುತ್ತದೆ. 2007ರ ಜೂನ್‌ನಲ್ಲಿ ವ್ಯಾಟಿಕನ್ ವಾಹನ ಚಾಲಕರಿಗೆಂದೇ ಹತ್ತು ಕಟ್ಟಳೆಗಳನ್ನು ಪ್ರಕಟಿಸಿತು. ಅವುಗಳಲ್ಲಿ ಮೊದಲನೆಯದು ಕೊಲ್ಲಬಾರದೆಂಬ ದೇವರಾಜ್ಞೆಯೇ. ಪಾಪನಿವೇದನೆಗೆ ಮೊಣಕಾಲೂರುವಾಗ ನಮ್ಮಲ್ಲಿ ಎಷ್ಟು ಮಂದಿಗೆ ತಮ್ಮ ಚಾಲನೆಯ ನೆನಪಾಗುತ್ತದೆಯೋ!

ಭಾನುವಾರದ ಬಲಿಪೂಜೆಗೆ ಸ್ವಂತ ಧರ್ಮಕೇಂದ್ರವನ್ನೇ ಸೇರಬೇಕೆಂಬ ಹಂಬಲದಿಂದ ಶನಿವಾರ ರಾತ್ರಿಯಿಡೀ ಓಡಿಸುವ ಭಕ್ತರೂ ಇದ್ದಾರೆ. ಅವರ ಭಕ್ತಿಗೆ ನಮಿಸುತ್ತಲೇ ಒಂದು ವಿಷಯ ತಿಳಿಸಬಯಸುತ್ತೇವೆ. 1983ರ ಧರ್ಮಸಭಾ ಕಾನೂನಿನ 1248ನೆಯ ವಿಧಿಯಂತೆ ಯಾವುದೇ ಕಥೋಲಿಕ ದೇವಾಲಯದಲ್ಲಿ, ಭಾನುವಾರ ಅಥವಾ ಹಿಂದಿನ ಸಂಜೆ ಬಲಿಪೂಜೆಯಲ್ಲಿ ಪಾಲ್ಗೊಂಡರೆ ಕಟ್ಟಳೆ ನೆರವೇರುತ್ತದೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯ ಈ ದಾರಿಯಲ್ಲೇ ಇದೆ. ವೇಳಾಂಕಣಿಯಿಂದ 500 ಕಿಲೋಮೀಟರಿನಷ್ಟು ದೂರದಲ್ಲಿರುವ ಮೈಸೂರಿನಲ್ಲಿ ಶನಿವಾರ ತಂಗಿ, ಬೆಳಿಗ್ಗೆ ಆ ಎತ್ತರದ ಗೋಪುರಗಳ ಕೆಳಗೆ ಪ್ರಾರ್ಥಿಸಿ, ತಿಂಡಿ ತಿಂದು ಹೊರಟರೆ ಬೆಳಕಿರುವಾಗಲೇ ಮಂಗಳೂರು.

ಸಮಯವಿಲ್ಲ, ಹಣವೂ ಮುಗಿಯುತ್ತ ಬಂದಿರುತ್ತದೆ ಎಂಬ ಉತ್ತರ ಸಿದ್ಧವಿದೆ. ಒಪ್ಪೋಣ. ಕೊನೆಯ ದಿನಗಳಲ್ಲಿ ಕೈಚೀಲ ಹಗುರ, ಮಕ್ಕಳ ಜಗಳ ಭಾರ. ಅಜ್ಜನ ಕಾಲು ಊದಿರುತ್ತದೆ, ಕಚೇರಿಯಿಂದ ಕರೆಗಳು ಶುರುವಾಗಿರುತ್ತವೆ. ಆದರೆ ಆ ರಾತ್ರಿಯ ವಸತಿಯನ್ನು ಹೊರಡುವ ಮೊದಲೇ ಪಟ್ಟಿಗೆ ಸೇರಿಸಬೇಕು, ಅದಕ್ಕಾಗಿ ಒಂದು ಊರನ್ನು ಕೈಬಿಡಬೇಕು ಎಂಬುದೇ ನಮ್ಮ ಸೂಚನೆ. ಐದು ಕ್ಷೇತ್ರಗಳ ಬದಲು ನಾಲ್ಕನ್ನು ನೋಡಿದ ಮಾತ್ರಕ್ಕೆ ಆರೋಗ್ಯ ಮಾತೆ ಮುನಿಯಳು.

ಇದನ್ನು ಓದುವ ಹೊತ್ತಿಗೆ ಕೆಲವು ಕುಟುಂಬಗಳು ಇನ್ನೂ ದಾರಿಯಲ್ಲಿರುತ್ತವೆ. ಅವರ ಮನೆಯವರು ಇಲ್ಲಿ ಕಾಯುತ್ತಿರುತ್ತಾರೆ. ಗಂಟೆಗೊಮ್ಮೆ ಫೋನು ಮಾಡಿ ಎಲ್ಲಿಗೆ ತಲಪಿದಿರಿ, ಯಾವಾಗ ಬರುತ್ತೀರಿ ಎಂದು ಕೇಳುವ ಪ್ರೀತಿಯೂ ಚಾಲಕನ ಕಾಲನ್ನು ವೇಗದ ಪೆಡಲಿನ ಮೇಲೆ ಒತ್ತುತ್ತದೆ. ಈ ಸಂಜೆ ಅಂಥ ಕರೆ ಮಾಡುವವರು, ಇದ್ದಲ್ಲೇ ಒಂದು ಕೋಣೆ ಹಿಡಿದು ಮಲಗಿ, ಮೀನಿನ ಸಾರು ನಾಳೆ ಮಧ್ಯಾಹ್ನಕ್ಕೂ ಇರುತ್ತದೆ ಎಂದು ಹೇಳಲಿ.