ಕಿಸೆಯೊಳಗಿನ ಗಣಕಯಂತ್ರ

ಮೊಬೈಲ್ ಹಿಡಿದು ಕುಳಿತ ಮಕ್ಕಳನ್ನು ಕಂಡರೆ ನಮ್ಮ ಕಡೆಯ ಹಿರಿಯರು ಬೈಯುವುದು ವಾಡಿಕೆ. ನಾನೂ ಬೈದವನೇ. ಆದರೆ ಕಳೆದ ದೀಪಾವಳಿಗೆ ನವಲಗುಂದಕ್ಕೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ನನ್ನ ಅಭಿಪ್ರಾಯವನ್ನು ತಿದ್ದಿದ.

ನಾನು ಸೇವೆಯಲ್ಲಿದ್ದಾಗ ಬರೆದ ಲೇಖನಗಳೆಲ್ಲ ‘ನುಡಿ’ ತಂತ್ರಾಂಶದಲ್ಲಿದ್ದವು. ಗಣಕಯಂತ್ರ ಕೆಟ್ಟುಹೋಯಿತು; ಪೆನ್‌ಡ್ರೈವ್ ಉಳಿಯಿತು. ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ! ಹಳೆಯ ನುಡಿ ಬರಹದಲ್ಲಿ ರೋಮನ್ ಸಂಕೇತಗಳಿಗೇ ಕನ್ನಡದ ರೂಪ ತೊಡಿಸಿರುತ್ತದೆ. ಆ ಫಾಂಟ್ ಇಲ್ಲದಲ್ಲಿ ವೇಷ ಕಳಚಿಬೀಳುತ್ತದೆ.

“ಚಿಂತೀ ಮಾಡಬ್ಯಾಡ್ರಿ ಸರ್, ನಿಮ್ಮ ಕಿಸೇದಾಗನ ಒಂದು ಕಂಪ್ಯೂಟರ್ ಐತ್ರಿ” ಎಂದವನೇ ಆತ ನನ್ನ ಫೋನಿನಲ್ಲಿ ‘ಟರ್ಮಕ್ಸ್’ ಎಂಬ ಉಚಿತ ತಂತ್ರಾಂಶವನ್ನು ಸ್ಥಾಪಿಸಿದ. ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ತಿರುಳೇ ಆಂಡ್ರಾಯ್ಡ್ ಫೋನಿನ ಒಡಲಲ್ಲಿದೆ. ಟರ್ಮಕ್ಸ್ ತೆರೆಯುವ ಕಪ್ಪು ಪರದೆಯಲ್ಲಿ ಆಜ್ಞೆಗಳನ್ನು ಬರೆದು ಕೆಲಸ ಮಾಡಿಸಬಹುದು. ಕನ್ನಡದ ತಂತ್ರಜ್ಞರು ಮುಕ್ತವಾಗಿ ಹಂಚಿರುವ ಪೈಥಾನ್ ಕ್ರಮವಿಧಿಯೊಂದರಿಂದ ಆತ ನನ್ನ ಬರಹಗಳನ್ನು ಯುನಿಕೋಡಿಗೆ ತಂದ. ಇದು ಅಕ್ಷರಕ್ಕೆ ಅಕ್ಷರ ಬದಲಿಸುವ ಕೆಲಸವಲ್ಲ. ‘ಧರ್ಮ’ ಎಂಬಲ್ಲಿ ನುಡಿಯು ಅರ್ಕಾವತ್ತನ್ನು ಕಣ್ಣಿಗೆ ಕಾಣುವಂತೆ ‘ಮ’ದ ನಂತರ ಇಡುತ್ತದೆ, ಯುನಿಕೋಡ್ ಉಚ್ಚಾರದ ಕ್ರಮದಲ್ಲಿ ‘ಮ’ಕ್ಕೆ ಮೊದಲೇ ಇಡುತ್ತದೆ. ಇಂಥ ಸ್ಥಾನಪಲ್ಲಟವನ್ನೆಲ್ಲ ಕ್ರಮವಿಧಿಯೇ ಮಾಡಿತು. ಬಳಿಕ ‘ಗ್ರೆಪ್’ ಎಂಬ ಆಜ್ಞೆಗೆ ‘ಬೆಣ್ಣಿಹಳ್ಳ’ ಎಂಬ ಪದ ಕೊಟ್ಟೊಡನೆ, ಆ ಹಳ್ಳದ ಪ್ರಸ್ತಾಪವಿರುವ ಸಾಲುಗಳೆಲ್ಲ ಕಡತದ ಹೆಸರಿನೊಂದಿಗೆ ಸಾಲುಗಟ್ಟಿ ನಿಂತವು.

ಉಪಯೋಗ ಇಷ್ಟಕ್ಕೇ ಮುಗಿಯದು. ‘ಇಮೇಜ್‌ಮ್ಯಾಜಿಕ್’ನಿಂದ ನೂರಾರು ಚಿತ್ರಗಳ ಗಾತ್ರವನ್ನು ಒಂದೇ ಆಜ್ಞೆಯಲ್ಲಿ ಇಳಿಸಬಹುದು; ‘ಎಫ್‌ಎಫ್‌ಎಂಪೆಗ್’ನಿಂದ ಅಜ್ಜಿಯ ಬೀಸುಕಲ್ಲಿನ ಪದಗಳ ವಿಡಿಯೋದಿಂದ ಧ್ವನಿಯನ್ನಷ್ಟೇ ಬೇರ್ಪಡಿಸಬಹುದು. ಇವೆಲ್ಲಕ್ಕಿಂತ ಮುಖ್ಯವಾದುದು ಕಲಿಕೆ. ಕುಂದಗೋಳ, ಕಲಘಟಗಿಗಳ ಹಳ್ಳಿಯ ಮನೆಯಲ್ಲಿ ಗಣಕಯಂತ್ರ ಇಲ್ಲದಿರಬಹುದು. ಆದರೆ ಫೋನ್ ಇದ್ದರೆ ಮಗು ಪೈಥಾನ್ ಕಲಿಯಬಲ್ಲದು. ಒಮ್ಮೆ ಇಳಿಸಿಕೊಂಡ ಮೇಲೆ ಅಭ್ಯಾಸಕ್ಕೆ ಅಂತರ್ಜಾಲವೂ ಬೇಡ. ಇದು ಬರಿಯ ಹವ್ಯಾಸಿಗಳ ಆಟವಲ್ಲ. 2025ರಲ್ಲಿ ಗೂಗಲ್ ಸಂಸ್ಥೆ ತನ್ನ ಪಿಕ್ಸೆಲ್ ಫೋನುಗಳಿಗೇ ಡೆಬಿಯನ್ ಲಿನಕ್ಸ್ ನಡೆಸುವ ಟರ್ಮಿನಲ್ ಒದಗಿಸಿತು.

ತೊಡಕುಗಳನ್ನೂ ಹೇಳಬೇಕು. ಆ ಕಪ್ಪು ಪರದೆಯಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಕಾಣುತ್ತವೆ. ಫಲಿತಾಂಶವನ್ನು ಬೇರೆ ತಂತ್ರಾಂಶದಲ್ಲಿ ತೆರೆದು ಓದಬೇಕು. ಬೆರಳಿನಿಂದ ಆಜ್ಞೆ ಬರೆಯುವುದು ಪ್ರಯಾಸ. ಹೊರಗಿನ ಕೀಲಿಮಣೆ ಜೋಡಿಸಿದರೆ ಹಗುರ. ಅಳಿಸುವ ಆಜ್ಞೆ ಕೊಟ್ಟರೆ ಕಡತ ಕಸದ ಬುಟ್ಟಿಗೆ ಹೋಗದು, ಅಳಿದೇ ಹೋಗುತ್ತದೆ. ಅಪರಿಚಿತರು ಕಳಿಸಿದ ಆಜ್ಞೆಯನ್ನು ಅರ್ಥ ತಿಳಿಯದೆ ಎಂದೂ ನಡೆಸಬಾರದು.

ನವಲಗುಂದದ ಜಮಖಾನೆಯನ್ನು ಕೊಂಡು ಹಾಸುವವರು ಬಹಳ. ಮಗ್ಗದ ಮುಂದೆ ಕುಳಿತು ನೇಯಬಲ್ಲವರು ಕೆಲವರೇ. ನಮ್ಮ ಮಕ್ಕಳು ಫೋನಿನಲ್ಲಿ ಬರಿಯ ಕೊಳ್ಳುವವರಾಗಿ ಉಳಿಯಬಾರದೆಂಬುದೇ ನನ್ನ ಆಸೆ. ಆದ್ದರಿಂದ ಬೆಂಗಳೂರು, ಪುಣೆಗಳಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ: ರಜೆಗೆ ಊರಿಗೆ ಬಂದಾಗ ಒಂದು ಸಂಜೆ ಮನೆಯ ಮಕ್ಕಳೊಂದಿಗೆ ಕುಳಿತು ಇದನ್ನು ಕಲಿಸಿರಿ. ನಿಮ್ಮ ಮನೆಯಲ್ಲಿಯೂ ಹಳೆಯ ನುಡಿ ಕಡತಗಳಿದ್ದರೆ ಅವರ ಕೈಯಿಂದಲೇ ಯುನಿಕೋಡಿಗೆ ತರಿಸಿರಿ.